ಹಾಲಿನ ಆಡುಗಳಿಗೆ ಹಾರ್ಮೋನು: ಮೊದಲು ಮೇವು ನೋಡಿ, ಆಮೇಲೆ ಸೂಜಿ

ಮಾನ್ಯ ಸಂಪಾದಕರೇ,

ಪುಣೆಯ ಸುತ್ತಲಿನ ಶಿರೂರು, ಜುನ್ನರ, ಪುರಂದರ, ಮುಳಶಿ ತಾಲೂಕುಗಳಲ್ಲಿ ಹಾಲಿಗಾಗಿಯೇ ಆಡು ಸಾಕುವ ಫಾರ್ಮುಗಳು ಈಚಿನ ವರ್ಷಗಳಲ್ಲಿ ಒಂದರ ಬೆನ್ನಿಗೊಂದು ತಲೆಯೆತ್ತಿವೆ. ಹಿಂಜವಡಿ, ಖರಾಡಿಯ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮ ಕನ್ನಡಿಗರೂ ಇವುಗಳಲ್ಲಿ ಹಣ ಹೂಡಿದ್ದಾರೆ. ಶೆಡ್ಡಿನ ಪಕ್ಕದ ತಗಡಿನ ಮನೆಯಲ್ಲಿ ಉಳಿದುಕೊಂಡು ಹಗಲಿರುಳು ಆಡುಗಳನ್ನು ನೋಡಿಕೊಳ್ಳುವ ಕುಟುಂಬಗಳಲ್ಲಿಯೂ ಯಾದಗಿರಿ, ಕಲಬುರಗಿ, ವಿಜಯಪುರ ಜಿಲ್ಲೆಗಳಿಂದ ಬಂದವರು ಬಹಳ ಜನರಿದ್ದಾರೆ. ಈ ಎರಡೂ ಬಗೆಯವರನ್ನು ಮುಟ್ಟಬೇಕೆಂದೇ ಕನ್ನಡ ಪತ್ರಿಕೆಗೆ ಬರೆಯುತ್ತಿದ್ದೇನೆ. ಗಬ್ಬ ನಿಲ್ಲದ ಆಡುಗಳಿಗೆ ಹಾರ್ಮೋನ್ ಕೋರ್ಸ್ ಕೊಡಿಸಿದರೆ ಫಲಿತಾಂಶ ಖಚಿತ ಎಂಬ ಅರ್ಥದ ಜಾಹೀರಾತುಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿವೆ. ಅವುಗಳನ್ನು ನಂಬಿ ಔಷಧಿ ಅಂಗಡಿಯಿಂದ ನೇರವಾಗಿ ಚುಚ್ಚುಮದ್ದು ತಂದು ತಾವೇ ಕೊಡುವವರೂ ಹೆಚ್ಚುತ್ತಿದ್ದಾರೆ. ಹೆಬ್ಬಾಳದಲ್ಲಿ ಪಶುವೈದ್ಯ ಶಿಕ್ಷಣ ಪಡೆದು ವೃತ್ತಿಯ ಬಹುಭಾಗವನ್ನು ಪುಣೆ ಜಿಲ್ಲೆಯಲ್ಲಿ ಕಳೆದ ನನಗೆ ಹಾರ್ಮೋನುಗಳ ಮೇಲೆ ಯಾವ ಮುನಿಸೂ ಇಲ್ಲ. ಆದರೆ ಅವು ಬೆದೆಯ ವೇಳೆಯನ್ನು ಹೊಂದಿಸಿಕೊಡುತ್ತವೆಯೇ ಹೊರತು ಸೊರಗಿದ ಪ್ರಾಣಿಯಲ್ಲಿ ಇಲ್ಲದ ಫಲವಂತಿಕೆಯನ್ನು ತುಂಬುವುದಿಲ್ಲ ಎಂಬ ಮಾತನ್ನು ಮಾರುವವರು ಹೇಳುವುದಿಲ್ಲವಾದ್ದರಿಂದ, ತುಸು ವಿವರವಾಗಿಯೇ ಬರೆಯಬೇಕಾಗಿದೆ.

ಆಡು ಸಾಮಾನ್ಯವಾಗಿ 21 ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ. ಬೆದೆ ಒಂದರಿಂದ ಎರಡು ದಿನ ಇರುತ್ತದೆ, ಗಬ್ಬದ ಅವಧಿ ಸುಮಾರು 150 ದಿನ. ಅಂಡಾಶಯದಿಂದ ಅಂಡಾಣು ಹೊರಬಿದ್ದ ಜಾಗದಲ್ಲಿ ಕಾರ್ಪಸ್ ಲೂಟಿಯಂ ಎಂಬ ಪುಟ್ಟ ಗಂಟು ಬೆಳೆದು ಪ್ರೊಜೆಸ್ಟರಾನ್ ಹಾರ್ಮೋನನ್ನು ಒಸರಿಸುತ್ತದೆ. ಆ ಹಾರ್ಮೋನು ರಕ್ತದಲ್ಲಿ ಇರುವಷ್ಟು ದಿನ ಮುಂದಿನ ಬೆದೆ ಬರುವುದಿಲ್ಲ. ಗಬ್ಬ ನಿಲ್ಲದೆ ಹೋದರೆ ಗರ್ಭಕೋಶವೇ ಪ್ರೊಸ್ಟಾಗ್ಲಾಂಡಿನ್ ಹೊರಡಿಸಿ ಆ ಗಂಟನ್ನು ಕರಗಿಸುತ್ತದೆ, ಆಡು ಮತ್ತೆ ಬೆದೆಗೆ ಬರುತ್ತದೆ. ಬಳಕೆಯಲ್ಲಿರುವ ಚಿಕಿತ್ಸೆಗಳಲ್ಲಿ ಹೆಚ್ಚಿನವು ಈ ಎರಡು ಹೆಜ್ಜೆಗಳ ಅನುಕರಣೆಯೇ. ಪ್ರೊಜೆಸ್ಟರಾನ್ ಬಗೆಯ ಔಷಧಿ ತೊಯ್ಸಿದ ಸ್ಪಂಜನ್ನು ಯೋನಿಯಲ್ಲಿ ಸುಮಾರು 11 ದಿನ ಇಟ್ಟು ತೆಗೆದರೆ, ಅಲ್ಲಿಯವರೆಗೆ ತಡೆದು ನಿಂತಿದ್ದ ಆಡುಗಳೆಲ್ಲ ಒಂದೆರಡು ದಿನಗಳ ಅಂತರದಲ್ಲಿ ಒಟ್ಟಿಗೆ ಬೆದೆಗೆ ಬರುತ್ತವೆ. ಇಂಥ ಸ್ಪಂಜುಗಳಲ್ಲಿ ಬಳಸುವ ಒಂದು ಔಷಧಿಯಾದ ಮೆಡ್ರಾಕ್ಸಿಪ್ರೊಜೆಸ್ಟರಾನ್, ಸರಕಾರಿ ಆಸ್ಪತ್ರೆಗಳಲ್ಲಿ 'ಅಂತರಾ' ಎಂಬ ಹೆಸರಿನಲ್ಲಿ ಹೆಂಗಸರಿಗೆ ಮೂರು ತಿಂಗಳಿಗೊಮ್ಮೆ ಕೊಡುವ ಗರ್ಭನಿರೋಧಕ ಚುಚ್ಚುಮದ್ದಿನಲ್ಲಿರುವುದೇ. ಗಬ್ಬ ಕಟ್ಟಿಸುವ ಔಷಧಿಯೆಂದು ಮಾರಲಾಗುತ್ತಿರುವುದು ವಾಸ್ತವದಲ್ಲಿ ಬೆದೆಯನ್ನು ತಡೆಯುವ ಔಷಧಿ, ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದರಲ್ಲಿಯೇ ಅದರ ಉಪಯೋಗವಿದೆ ಎಂಬುದು ತಿಳಿದರೆ ಅರ್ಧ ಭ್ರಮೆ ಅಲ್ಲಿಗೇ ಹರಿಯುತ್ತದೆ.

ಈ ಪದ್ಧತಿ ಎಲ್ಲಿ, ಏಕೆ ಬೇರೂರಿತು ಎಂಬುದನ್ನೂ ನೋಡಬೇಕು. ಫ್ರಾನ್ಸಿನ ಪಶ್ಚಿಮದ ಪೊಯ್ತೂ ಸೀಮೆಯಲ್ಲಿ ಆಡಿನ ಹಾಲಿನ ಚೀಸು ದೊಡ್ಡ ಉದ್ಯಮ. ಅಲ್ಲಿ ಬೇಸಿಗೆಯ ಹಗಲು ಹದಿನೈದೂವರೆ ಗಂಟೆಗೂ ಹೆಚ್ಚು, ಚಳಿಗಾಲದ ಹಗಲು ಎಂಟೂವರೆ ಗಂಟೆಯ ಆಸುಪಾಸು. ಅಲ್ಲಿನ ಸಾನೆನ್, ಆಲ್ಪೈನ್ ತಳಿಯ ಆಡುಗಳು ಹಗಲು ಕುಗ್ಗತೊಡಗಿದಾಗ ಮಾತ್ರ, ಅಂದರೆ ಶರತ್ಕಾಲದಲ್ಲಿ, ಬೆದೆಗೆ ಬಂದು ವಸಂತದಲ್ಲಿ ಈಯುತ್ತವೆ. ಎಲ್ಲ ಆಡುಗಳೂ ಒಮ್ಮೆಗೇ ಈದರೆ ಚಳಿಗಾಲದಲ್ಲಿ ಚೀಸು ಮಾಡಲು ಹಾಲೇ ಸಿಗುವುದಿಲ್ಲ. ಆದ್ದರಿಂದ ಋತುವಲ್ಲದ ಋತುವಿನಲ್ಲಿ ಕೆಲವು ಆಡುಗಳನ್ನು ಗಬ್ಬ ಮಾಡಿಸಲೆಂದು, ಜೊತೆಗೆ ಒಳ್ಳೆಯ ಹೋತಗಳ ಶೈತ್ಯೀಕರಿಸಿದ ವೀರ್ಯವನ್ನು ನಿಗದಿತ ಗಂಟೆಗೆ ಹಾಕಲು ಅನುಕೂಲವಾಗಲೆಂದು, ಸ್ಪಂಜು, ಪ್ರೊಸ್ಟಾಗ್ಲಾಂಡಿನ್ ಮತ್ತು ಅಂಡಾಣುಗಳನ್ನು ಬೆಳೆಸುವ ಹಾರ್ಮೋನಾದ ಪಿಎಂಎಸ್‌ಜಿ ಚುಚ್ಚುಮದ್ದಿನ ಈ ಕ್ರಮವನ್ನು ಅಲ್ಲಿ ರೂಢಿಸಿದರು. ಅಷ್ಟು ಅಚ್ಚುಕಟ್ಟಾದ ವ್ಯವಸ್ಥೆಯಲ್ಲಿಯೂ ಹೀಗೆ ವೀರ್ಯ ಹಾಕಿದ ನೂರು ಆಡುಗಳಲ್ಲಿ ಅರವತ್ತರ ಆಸುಪಾಸಿನವು ಈದರೆ ಅದು ಒಳ್ಳೆಯ ಫಲಿತಾಂಶ. ನೂರಕ್ಕೆ ನೂರು ಎನ್ನುವವನನ್ನು ಅಂಗಳದಿಂದಲೇ ಹಿಂದಕ್ಕೆ ಕಳಿಸಬಹುದು.

ಪುಣೆಯಲ್ಲಿ ಹಗಲಿನ ಉದ್ದ ಚಳಿಗಾಲದಲ್ಲಿ 11 ಗಂಟೆ, ಬೇಸಿಗೆಯಲ್ಲಿ 13 ಗಂಟೆಗೆ ತುಸು ಮೇಲೆ. ಹೆಚ್ಚೆಂದರೆ ಎರಡೂಕಾಲು ಗಂಟೆಯ ವ್ಯತ್ಯಾಸ. ಇಲ್ಲಿಯ ಸಂಗಮನೇರಿ, ಉಸ್ಮಾನಾಬಾದಿ ಆಡುಗಳು ವರ್ಷದ ಯಾವ ತಿಂಗಳಲ್ಲಾದರೂ ಬೆದೆಗೆ ಬರಬಲ್ಲವು, ಉಸ್ಮಾನಾಬಾದಿಯಂತೂ ಅವಳಿ ಮರಿಗಳಿಗೆ ಹೆಸರಾದದ್ದು. ಇವುಗಳನ್ನು ತಡೆಯುವುದು ಸೂರ್ಯನಲ್ಲ, ಹೊಟ್ಟೆ. ಮಾರ್ಚ್‌ನಿಂದ ಜೂನ್ ಮೊದಲ ಮಳೆಯವರೆಗೆ ಹಸಿ ಮೇವಿಲ್ಲದೆ ಜೋಳದ ಕಣಿಕೆಯ ಮೇಲೆ ಬದುಕುವ ಆಡಿನ ಬೆನ್ನುಮೂಳೆ ಎದ್ದು ಕಾಣತೊಡಗಿದ ಮೇಲೆ ಅದರ ಮಿದುಳು ಅಂಡಾಶಯಕ್ಕೆ ಕಳಿಸಬೇಕಾದ ಸೂಚನೆಯನ್ನೇ ಕಳಿಸುವುದಿಲ್ಲ. ಹೊಟ್ಟೆಗಿಲ್ಲದ ಕಾಲದಲ್ಲಿ ಗಬ್ಬವಾಗದಿರುವುದು ರೋಗವಲ್ಲ, ಪ್ರಾಣಿ ತನ್ನ ಜೀವ ಉಳಿಸಿಕೊಳ್ಳುವ ರೀತಿ. ಅಕ್ಷಾಂಶದ ತೊಡಕಿಗೆ ಕಂಡುಕೊಂಡ ಉಪಾಯವನ್ನು ಇಲ್ಲಿ ಹಸಿವಿನ ಮದ್ದೆಂದು ಮಾರಲಾಗುತ್ತಿದೆ ಎಂಬುದೇ ನನ್ನ ಮುಖ್ಯ ಆಕ್ಷೇಪ.

ಶಿರೂರಿನ ಕಡೆಯ ಒಂದು ಫಾರ್ಮಿನ ಉದಾಹರಣೆ ಕೊಡುತ್ತೇನೆ. ಪಂಜಾಬಿನಿಂದ ಲಾರಿಯಲ್ಲಿ ತರಿಸಿದ ಬೀಟಲ್ ಆಡುಗಳು ತಿಂಗಳುಗಟ್ಟಲೆ ಬೆದೆಗೆ ಬರುತ್ತಿಲ್ಲವೆಂದು, ಹಾರ್ಮೋನ್ ಬರೆದುಕೊಡಿ ಎಂದು ನನ್ನನ್ನು ಕರೆಸಿದ್ದರು. ಶೆಡ್ಡು ನೋಡಲು ಚೆಂದವಿತ್ತು. ನೆಲದಿಂದ ಎತ್ತರಿಸಿದ ಸೀಳು ಹಲಗೆಯ ಅಟ್ಟ, ಮೂಲೆಯಲ್ಲಿ ಸಿಸಿ ಕ್ಯಾಮೆರಾ ಎಲ್ಲ ಇದ್ದವು. ಸೊಂಟದ ಮೇಲೆ ಕೈಯಾಡಿಸಿದರೆ ಎಲುಬುಗಳ ಅಂಚು ಬೆರಳಿಗೆ ಚುಚ್ಚುತ್ತಿತ್ತು, ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡಿದರೆ ಒಳಪದರ ಬಿಳಿಚಿತ್ತು, ಅಂದರೆ ಜಂತು ರಕ್ತ ಹೀರಿತ್ತು. ಖನಿಜ ಮಿಶ್ರಣದ ಚೀಲ ಬಾಯಿ ಹೊಲಿದ ಹಾಗೆಯೇ ಒರಗಿ ನಿಂತಿತ್ತು. ಇನ್ನು ಹೋತ, ಅದೂ ತರಿಸಿದ ದಿನದಿಂದ ಅದೇ ಸಾಲಿನ ಕೊನೆಯಲ್ಲಿ, ಹೆಣ್ಣುಗಳ ಮೂಗಿನ ಮುಂದೆಯೇ ಕಟ್ಟಿಕೊಂಡು ನಿಂತಿತ್ತು. ನಾನು ಹಾರ್ಮೋನ್ ಬರೆಯಲಿಲ್ಲ. ಜಂತಿನ ಔಷಧಿ ಕೊಡಿಸಿ, ದಿನಕ್ಕೆ ಕಾಲು ಕಿಲೋದಷ್ಟು ಮೆಕ್ಕೆಜೋಳದ ನುಚ್ಚು ಹಿಂಡಿಯ ಜೊತೆ ಸೇರಿಸಿ, ಹೋತವನ್ನು ಕಣ್ಣಿಗೂ ಮೂಗಿಗೂ ನಿಲುಕದಷ್ಟು ದೂರಕ್ಕೆ ಒಯ್ಯಲು ಹೇಳಿದೆ.

ಹೋತವನ್ನು ಹೀಗೆ ದೂರವಿಡುವುದು ನನ್ನ ಸ್ವಂತ ಯುಕ್ತಿಯಲ್ಲ. ಮೂರು ನಾಲ್ಕು ವಾರ ಹೋತದ ವಾಸನೆಯೂ ಸುಳಿಯದಂತೆ ಇಟ್ಟು, ಆಮೇಲೆ ಒಮ್ಮೆಲೇ ಹಿಂಡಿನೊಳಗೆ ಬಿಟ್ಟರೆ, ಮೈಯಲ್ಲಿ ಕಸುವಿರುವ ಆಡುಗಳಲ್ಲಿ ಅನೇಕವು ಕೆಲವೇ ದಿನಗಳಲ್ಲಿ ಬೆದೆಗೆ ಬರುತ್ತವೆ. ಹೋತದ ಕೂದಲಿನಿಂದ ಹೊಮ್ಮುವ ವಾಸನೆ ಹೆಣ್ಣಿನ ಮಿದುಳನ್ನು ತಟ್ಟಿ ಅದರ ಸ್ವಂತ ಹಾರ್ಮೋನುಗಳನ್ನೇ ಎಬ್ಬಿಸುತ್ತದೆ. ಹೀಗೆ ಬಂದ ಮೊದಲ ಬೆದೆ ಹಲವೊಮ್ಮೆ ಪೊಳ್ಳಾಗಿದ್ದು ಒಂದು ವಾರದೊಳಗೆ ಮತ್ತೊಂದು ಸರಿಯಾದ ಬೆದೆ ಬರುವುದರಿಂದ, ಮೊದಲ ಸಲ ಹಾರಿಸಿದ್ದು ನಿಲ್ಲಲಿಲ್ಲವೆಂದು ಗಾಬರಿಯಾಗಬೇಕಿಲ್ಲ. ಹೋತ ಸದಾ ಎದುರಿಗಿದ್ದರೆ ಈ ಯಾವ ಪರಿಣಾಮವೂ ಆಗುವುದಿಲ್ಲ. ಹೋತ ಸಾಕದ ಚಿಕ್ಕ ಫಾರ್ಮಿನವರು ಹಳೆಯ ಬಟ್ಟೆಯ ತುಂಡನ್ನು ಹೋತದ ಕೊಂಬಿನ ಬುಡದ ಹಿಂದೆ ಚೆನ್ನಾಗಿ ತಿಕ್ಕಿ, ಮುಚ್ಚಳ ಬಿಗಿದ ಡಬ್ಬಿಯಲ್ಲಿಟ್ಟುಕೊಂಡು, ಅದನ್ನು ಹೆಣ್ಣಿನ ಮೂಗಿಗೆ ಹಿಡಿದು ಬೆದೆ ಗುರುತಿಸುವುದುಂಟು. ಬೆದೆಯಲ್ಲಿರುವುದು ಬಾಲವನ್ನು ಪಟಪಟನೆ ಅಲ್ಲಾಡಿಸುತ್ತ ಬಟ್ಟೆಗೆ ಮೂಗು ತೀಡುತ್ತದೆ. ಇದಕ್ಕೆ ಖರ್ಚಿಲ್ಲ, ಡಬ್ಬಿಯನ್ನು ಅಡುಗೆಮನೆಯಲ್ಲಿ ಇಡದಿದ್ದರಾಯಿತು.

ಹಾಗಾದರೆ ಹಾರ್ಮೋನು ಎಲ್ಲಿ ಬೇಕು? ಒಂದು ಸಂದರ್ಭದಲ್ಲಿ ಅದೇ ನಿಜವಾದ ಚಿಕಿತ್ಸೆ. ಹಾಲಿನ ಆಡುಗಳಲ್ಲಿ ಸುಳ್ಳು ಗಬ್ಬವೆಂಬುದೊಂದಿದೆ. ಗರ್ಭಕೋಶದಲ್ಲಿ ಮರಿಯಿಲ್ಲದೆ ಬರಿಯ ನೀರು ತುಂಬುತ್ತ ಹೋಗುತ್ತದೆ, ಕಾರ್ಪಸ್ ಲೂಟಿಯಂ ಕರಗದೆ ನಿಂತಿರುತ್ತದೆ, ಹೊಟ್ಟೆ ದಪ್ಪಗಾಗುತ್ತದೆ, ಬೆದೆ ಬರುವುದಿಲ್ಲ. ಮಾಲಿಕನು ಮರಿಗಳ ಲೆಕ್ಕ ಹಾಕುತ್ತ ಐದು ತಿಂಗಳು ಕಾದ ಮೇಲೆ ಒಂದು ಬೆಳಗ್ಗೆ ನೀರೆಲ್ಲ ಹರಿದುಹೋಗಿ ಶೆಡ್ಡು ತೊಯ್ದಿರುತ್ತದೆ, ಮರಿಯ ಸುಳಿವಿಲ್ಲ. ಸ್ಕ್ಯಾನಿಂಗ್ ಯಂತ್ರದಲ್ಲಿ ಇದು ಒಂದೆರಡು ನಿಮಿಷದಲ್ಲಿ ಕಾಣುತ್ತದೆ: ಕಪ್ಪು ನೀರು, ನಡುವೆ ತೆಳುವಾದ ಪರದೆಗಳು, ಮರಿಯೂ ಇಲ್ಲ, ಮಾಸು ಗರ್ಭಕೋಶಕ್ಕೆ ಅಂಟಿಕೊಳ್ಳುವ ಗುಂಡಿಯಂಥ ಗಂಟುಗಳೂ ಇಲ್ಲ. ಪ್ರೊಸ್ಟಾಗ್ಲಾಂಡಿನ್ ಕೊಟ್ಟರೆ ನೀರು ಇಳಿದು ಆಡು ಮತ್ತೆ ಬೆದೆಗೆ ಬರುತ್ತದೆ. ಹಾಗೆಯೇ ಆಯ್ದ ಹೋತದ ವೀರ್ಯದಿಂದ ಹಲವು ಆಡುಗಳಿಗೆ ಒಂದೇ ದಿನ ಕೃತಕ ಗರ್ಭಧಾರಣೆ ಮಾಡಿಸುವಾಗ, ಅಥವಾ ವರ್ಷವಿಡೀ ಹಾಲು ಬರುವಂತೆ ಹಿಂಡನ್ನು ತಂಡಗಳಾಗಿ ವಿಂಗಡಿಸಿ ಈಯಿಸುವಾಗ ಸ್ಪಂಜಿನ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. ರಾಜಸ್ಥಾನದ ಅವಿಕಾನಗರದಲ್ಲಿರುವ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯು ಕುರಿಗಳಿಗಾಗಿ 'ಅವಿಕೆಸಿಲ್-ಎಸ್' ಎಂಬ ದೇಶೀ ಸ್ಪಂಜನ್ನೇ ರೂಪಿಸಿದೆ.

ಇಲ್ಲೊಂದು ಲೆಕ್ಕವನ್ನು ಮಾತ್ರ ಯಾರೂ ಹಾಕಿಕೊಂಡಂತೆ ಕಾಣುವುದಿಲ್ಲ. ರಾಷ್ಟ್ರೀಯ ಜಾನುವಾರು ಮಿಷನ್ನಿನ ಸಹಾಯಧನ ಪಡೆಯುವ ಆಡಿನ ಘಟಕದಲ್ಲಿ 100 ಹೆಣ್ಣಿಗೆ 5 ಹೋತ, ಅಂದರೆ ಇಪ್ಪತ್ತಕ್ಕೊಂದು. ಬೆದೆ ಬೇರೆ ಬೇರೆ ದಿನ ಬರುವಾಗ ಇದು ಸಾಕು. ಸ್ಪಂಜು ಹಾಕಿ ಇಪ್ಪತ್ತನ್ನೂ ಒಂದೇ ದಿನ ಬೆದೆಗೆ ತಂದು ಒಂದು ಹೋತವನ್ನು ಬಿಟ್ಟರೆ ಮೊದಲ ಐದಾರು ಆಡುಗಳಾದ ಮೇಲೆ ಅದು ಬಸವಳಿಯುತ್ತದೆ. ಉಳಿದವು ಖಾಲಿ, ದೂರು ಔಷಧಿಯ ಮೇಲೆ. ಇನ್ನು ಗಂಡೂ ಹೆಣ್ಣೂ ಎರಡೂ ಹುಟ್ಟಾ ಕೊಂಬಿಲ್ಲದವಾದರೆ ಸಾನೆನ್‌ನಂಥ ತಳಿಗಳಲ್ಲಿ ಹುಟ್ಟುವ ಕೆಲವು ಹೆಣ್ಣು ಮರಿಗಳು ಗಂಡುಹೆಣ್ಣಿನ ಲಕ್ಷಣಗಳು ಬೆರೆತು ಜನ್ಮತಃ ಗೊಡ್ಡಾಗಿರುತ್ತವೆ. ಅಂಥವಕ್ಕೆ ಎಷ್ಟು ಚುಚ್ಚಿದರೂ ವ್ಯರ್ಥ.

ಅಪಾಯದ ವಿಷಯಕ್ಕೆ ಬರುತ್ತೇನೆ. ಆಡಿನ ಗಬ್ಬ ಐದು ತಿಂಗಳೂ ಅಂಡಾಶಯದ ಆ ಗಂಟಿನ ಆಧಾರದ ಮೇಲೆಯೇ ನಿಂತಿರುತ್ತದೆ. ಆದ್ದರಿಂದ ಗಬ್ಬವಿರುವುದು ತಿಳಿಯದೆ ಪ್ರೊಸ್ಟಾಗ್ಲಾಂಡಿನ್ ಕೊಟ್ಟರೆ ಯಾವ ತಿಂಗಳಿನಲ್ಲಾದರೂ ಆಡು ಕಂದು ಹಾಕುತ್ತದೆ, ಅಂದರೆ ಗರ್ಭಪಾತವಾಗುತ್ತದೆ. ಬೆದೆಗೆ ಬರುತ್ತಿಲ್ಲವೆಂದು ಸೂಜಿ ಚುಚ್ಚಿಸಿಕೊಳ್ಳುವ ಆಡು, ಹೋತ ಜೊತೆಗಿರುವ ಶೆಡ್ಡಿನಲ್ಲಿ, ಹಲವೊಮ್ಮೆ ಬೆದೆಗೆ ಬಾರದಿರುವುದು ಅದು ಈಗಾಗಲೇ ಗಬ್ಬವಾಗಿರುವುದರಿಂದ! ಸ್ಕ್ಯಾನ್ ಮಾಡಿಸದೆ ಈ ಔಷಧಿಯನ್ನು ಮುಟ್ಟಲೇಬಾರದು. ಗರ್ಭಿಣಿ ಕುದುರೆಯ ರಕ್ತದಿಂದ ತೆಗೆಯುವ ಪಿಎಂಎಸ್‌ಜಿಯದು ಮತ್ತೊಂದು ಕಥೆ. ಪ್ರಮಾಣ ಹೆಚ್ಚಾದರೆ ಒಂದೇ ಸಲಕ್ಕೆ ಹಲವು ಅಂಡಾಣುಗಳು ಬಿಡುಗಡೆಯಾಗಿ, ಒಂದೊಂದು ಕಿಲೋ ತೂಗದ ನಾಲ್ಕು ಮರಿಗಳು ಹುಟ್ಟಿ ಎರಡೇ ಮೊಲೆಗಳಿಗೆ ಗುದ್ದಾಡುವುದನ್ನು ಕಾಣಬೇಕಾಗುತ್ತದೆ. ಅವುಗಳಲ್ಲಿ ಎಷ್ಟು ಉಳಿಯುತ್ತವೆಂಬುದು ಸಾಕಿದವರಿಗೆ ಗೊತ್ತು. ವರ್ಷ ವರ್ಷವೂ ಅದನ್ನೇ ಕೊಡುತ್ತ ಹೋದರೆ ಆಡಿನ ದೇಹ ಆ ಹೊರಗಿನ ಪ್ರೋಟೀನಿನ ವಿರುದ್ಧ ಪ್ರತಿಕಾಯಗಳನ್ನು ಬೆಳೆಸಿಕೊಂಡು ಬೆದೆ ತಡವಾಗಿ, ಗಬ್ಬ ನಿಲ್ಲುವ ಪ್ರಮಾಣ ಇಳಿಯುತ್ತದೆ ಎಂಬುದು ಫ್ರಾನ್ಸಿನ ಹಿಂಡುಗಳಲ್ಲಿಯೇ ಕಂಡುಬಂದಿದೆ. ಔಷಧಿಗಳ ಪ್ರಮಾಣವನ್ನು ನಾನು ಈ ಪತ್ರದಲ್ಲಿ ಬೇಕೆಂದೇ ಬರೆದಿಲ್ಲ.

ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ಸೂಜಿ ಹಿಡಿಯುವ ಕೈ ಯಾರದೆಂಬುದು. ಮೇಲೆ ಹೇಳಿದ ಫಾರ್ಮಿನಲ್ಲಿ, ಹಿಂದೆ ಒಮ್ಮೆ ತರಿಸಿದ್ದ ಪ್ರೊಸ್ಟಾಗ್ಲಾಂಡಿನ್ ಸೀಸೆಯನ್ನು ಫ್ರಿಜ್ಜಿನಿಂದ ತಂದು ತೋರಿಸಿದವಳು ಯಾದಗಿರಿ ಕಡೆಯ ಹೆಣ್ಣುಮಗಳು. "ನಾನೇ ಚುಚ್ಚತೀನ್ರಿ ಸಾಹೇಬ್ರ, ಮಾಲಕರು ಫೋನಿನ್ಯಾಗ ಹೇಳತಾರ" ಎಂದಳು. ಕೈಗವಸು ಇರಲಿಲ್ಲ, ಅವಳು ಆಗ ಬಸುರಿಯಾಗಿದ್ದಳು. ಪ್ರೊಸ್ಟಾಗ್ಲಾಂಡಿನ್ ಚರ್ಮದ ಮೂಲಕವೂ ಒಳಸೇರುತ್ತದೆ. ಬಸುರಿಯರಲ್ಲಿ ಗರ್ಭಪಾತಕ್ಕೂ, ಉಬ್ಬಸ ಇರುವವರಲ್ಲಿ ಉಸಿರಾಟದ ತೊಂದರೆಗೂ ಕಾರಣವಾಗಬಲ್ಲದು. ಹೆರುವ ವಯಸ್ಸಿನ ಹೆಂಗಸರು ಮತ್ತು ಉಬ್ಬಸದವರು ಅದನ್ನು ಮುಟ್ಟದಿರುವುದೇ ಕ್ಷೇಮ; ಮೈಗೆ ಬಿದ್ದರೆ ತಕ್ಷಣ ಸಾಬೂನು ನೀರಿನಿಂದ ತೊಳೆಯಬೇಕು; ತಪ್ಪಿ ಕೈಗೆ ಚುಚ್ಚಿಕೊಂಡರೆ ಸೀಸೆಯ ಸಮೇತ ವೈದ್ಯರ ಬಳಿಗೆ ಓಡಬೇಕು. ಈ ಎಚ್ಚರಿಕೆ ಔಷಧಿಯ ಜೊತೆಗಿರುವ ಚೀಟಿಯಲ್ಲಿ ಇರುವುದೇನೋ ಹೌದು, ಇಂಗ್ಲಿಷಿನಲ್ಲಿ, ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ. ಅದೇ ರೀತಿ ಕಂದು ಹಾಕಿದ ಆಡಿನ ಮಾಸನ್ನು ಬರಿಗೈಯಲ್ಲಿ ಎತ್ತುವವರೂ ಇವರೇ. ಗಬ್ಬ ನಿಲ್ಲದಿರುವುದಕ್ಕೂ ಕಂದು ಹಾಕುವುದಕ್ಕೂ ಬ್ರುಸೆಲ್ಲೋಸಿಸ್ ಕಾರಣವಾಗಿದ್ದರೆ ಆ ರೋಗ ಹಸಿ ಹಾಲಿನಿಂದಲೂ ಮಾಸಿನಿಂದಲೂ ಮನುಷ್ಯರಿಗೆ ಅಂಟುತ್ತದೆ. ಹಾರ್ಮೋನಿಗೆ ಹಣ ಸುರಿಯುವ ಮೊದಲು ರಕ್ತ ಪರೀಕ್ಷೆ ಮಾಡಿಸುವುದು ಇದಕ್ಕಾಗಿ.

ಹಾಲು ಕೊಳ್ಳುವ ನಗರದವರ ಅನುಮಾನಕ್ಕೂ ಒಂದು ಮಾತು. ಡೆಂಗಿಯ ಕಾಲದಲ್ಲಿ ಆಡಿನ ಹಾಲನ್ನು ದುಬಾರಿ ಬೆಲೆ ಕೊಟ್ಟು ಕೊಳ್ಳುವವರೇ (ಅದರಿಂದ ಪ್ಲೇಟ್‌ಲೆಟ್ ಏರುತ್ತದೆಂಬುದಕ್ಕೆ ಗಟ್ಟಿ ಆಧಾರವಿಲ್ಲ, ಆ ಚರ್ಚೆ ಬೇರೆ) ಹಾರ್ಮೋನ್ ಎಂಬ ಪದ ಕೇಳಿದೊಡನೆ ಬೆಚ್ಚುತ್ತಾರೆ. ಹಾಲು ಇಳಿಸಲು ಕೊಡುವ ಆಕ್ಸಿಟೋಸಿನ್ ದುರ್ಬಳಕೆ ಬೇರೆ ಸಂಗತಿ. ಅದನ್ನು ತಡೆಯಲೆಂದು ಕೇಂದ್ರ ಸರಕಾರ 2018ರಲ್ಲಿ ಖಾಸಗಿ ತಯಾರಿಕೆಯನ್ನೇ ನಿಷೇಧಿಸಿತ್ತು, ಬಾಣಂತಿಯರಿಗೂ ಬೇಕಾದ ಔಷಧಿಯಾದ್ದರಿಂದ ದೆಹಲಿ ಹೈಕೋರ್ಟು ಅದೇ ವರ್ಷ ಆ ಆದೇಶವನ್ನು ರದ್ದುಪಡಿಸಿತು. ಬೆದೆ ಹೊಂದಿಸಲು ಕೊಡುವ ಪ್ರೊಸ್ಟಾಗ್ಲಾಂಡಿನ್ ಆಡಿನ ಮೈಯಲ್ಲಿ ಬಹಳ ಬೇಗ ಒಡೆದುಹೋಗುತ್ತದೆ. ಪ್ರೊಜೆಸ್ಟರಾನ್ ಗಬ್ಬದ ಪ್ರಾಣಿಯ ಹಾಲಿನಲ್ಲಿ ಸಹಜವಾಗಿಯೇ ಇರುತ್ತದೆ. ಔಷಧಿ ಕೊಟ್ಟ ಮೇಲೆ ಹಾಲು ಬಳಸದೆ ಬಿಡಬೇಕೆಂದು ಚೀಟಿಯಲ್ಲಿ ಹೇಳಿದ ಅವಧಿಯನ್ನು ಪಾಲಿಸಿದರೆ ಹಾಲಿನ ಬಗ್ಗೆ ಭಯಪಡಬೇಕಿಲ್ಲ. ಚೀಟಿಯನ್ನೇ ಓದದವರ ಹಾಲಿನ ಬಗ್ಗೆ ಹಾಗೆ ಹೇಳಲಾರೆ.

1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ನೋಂದಾಯಿತ ಪಶುವೈದ್ಯರಲ್ಲದವರು ಪಶುವೈದ್ಯ ವೃತ್ತಿ ನಡೆಸುವಂತಿಲ್ಲ. ಸಹಾಯಕ ಸಿಬ್ಬಂದಿಯ ಸಣ್ಣಪುಟ್ಟ ಸೇವೆಗಳೂ ವೈದ್ಯರ ನಿಗಾದಲ್ಲಿಯೇ ನಡೆಯಬೇಕು. ಆದರೂ ಹಾರ್ಮೋನ್ ಔಷಧಿಗಳು ವೈದ್ಯರು ಬರೆದುಕೊಟ್ಟ ಚೀಟಿಯಿಲ್ಲದೆ ಕೈಗೆ ಸಿಗುತ್ತವೆ. ಮಹಾರಾಷ್ಟ್ರದ ಪಶುಸಂಗೋಪನಾ ಇಲಾಖೆಯು ತಾಲೂಕು ಮಟ್ಟದ ಪಶು ಆಸ್ಪತ್ರೆಗಳಲ್ಲಿ ಆಡುಗಳ ಸ್ಕ್ಯಾನಿಂಗಿಗೆ ವಾರಕ್ಕೊಂದು ದಿನವನ್ನಾದರೂ ಗೊತ್ತುಪಡಿಸಿದರೆ ಅರ್ಧಕ್ಕರ್ಧ ಅನಗತ್ಯ ಚುಚ್ಚುಮದ್ದು ತಾನಾಗಿ ನಿಲ್ಲುತ್ತದೆಂಬುದು ನನ್ನ ಅನುಭವದ ಅಂದಾಜು. ಔಷಧಿ ತಯಾರಕರು ಬಸುರಿಯರು ಮುಟ್ಟಬಾರದೆಂಬ ಸೂಚನೆಯನ್ನು ಚಿತ್ರದ ಸಮೇತ ಸೀಸೆಯ ಮೇಲೆಯೇ, ಮರಾಠಿ, ಕನ್ನಡ, ಹಿಂದಿಗಳಲ್ಲಿ ಅಚ್ಚು ಹಾಕುವಂತೆ ಸರಕಾರ ಕಡ್ಡಾಯ ಮಾಡಬೇಕು. ಹಣ ಹೂಡಿರುವ ನಮ್ಮ ಕನ್ನಡಿಗ ಮಿತ್ರರು ಮುಂದಿನ ಸಲ ಫಾರ್ಮಿಗೆ ಹೋದಾಗ ಫ್ರಿಜ್ಜಿನಲ್ಲಿ ಯಾವ ಸೀಸೆಗಳಿವೆ, ಅವುಗಳನ್ನು ಯಾರು ಬಳಸುತ್ತಿದ್ದಾರೆ ಎಂದು ವಿಚಾರಿಸಬೇಕು; ಶೆಡ್ಡಿನ ಹೆಣ್ಣುಮಗಳ ಕೈಗೆ ಸೂಜಿ ಕೊಡುವ ಪದ್ಧತಿಯನ್ನು ಅಂದೇ ನಿಲ್ಲಿಸಬೇಕು. ಪತ್ರಿಕೆಯವರಲ್ಲಿಯೂ ಒಂದು ವಿನಂತಿಯಿದೆ: ಜಾನುವಾರು ಚಿಕಿತ್ಸೆಯ ಜಾಹೀರಾತುಗಳನ್ನು ಒಪ್ಪಿಕೊಳ್ಳುವಾಗ ಹೊಣೆಗಾರ ಪಶುವೈದ್ಯರ ನೋಂದಣಿ ಸಂಖ್ಯೆ ಅದರಲ್ಲಿ ಇರಲೇಬೇಕೆಂಬ ಷರತ್ತನ್ನು ದಯವಿಟ್ಟು ವಿಧಿಸಿ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪಶುವೈದ್ಯ
ಪುಣೆ